ಪದ್ಮಿನಿಯೊಳಗಿನ ಸೆಕೆ

ರಾಯರೇ, ಮೊನ್ನೆ ಹಿರಿಯಡ್ಕ ಪೇಟೆಯಲ್ಲಿ ನಿಮ್ಮ ಪದ್ಮಿನಿ ಕಾರು ಕಂಡಿತು. ನಾಲ್ಕೂ ಗಾಜು ಇಳಿಸಿದ್ದರೂ ಬೈರಾಸಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದಿರಿ. ಎಸಿ ಕೂರಿಸುವ ಯೋಚನೆಯಂತೆ, ಹೌದಾ? ಸ್ವಲ್ಪ ಈ ಪಾಗಾರಕ್ಕೆ ಒರಗಿಕೊಳ್ಳಿ, ಹೇಳುವುದುಂಟು.

ಅದು 1089 ಸಿಸಿಯ ಎಂಜಿನು. ಎಸಿ ಹಾಕಿದರೆ ಕಂಪ್ರೆಸರಿನ ಭಾರವೂ ಅದರ ಮೇಲೆಯೇ. ರೇಡಿಯೇಟರಿನ ಎದುರಿಗೆ ಇನ್ನೊಂದು ಕಂಡೆನ್ಸರ್ ಕೂತು, ಬಿಸಿಯಾದ ಗಾಳಿಯನ್ನೇ ಹಿಂದಕ್ಕೆ ದಾಟಿಸುತ್ತದೆ. ಉಡುಪಿಯ ಕಲ್ಸಂಕದಲ್ಲಿ ವಾಹನಗಳ ಸಾಲು ನಿಂತಾಗ ಗೇಜಿನ ಮುಳ್ಳು ಎಲ್ಲಿಗೆ ಏರಬಹುದು, ನೀವೇ ಹೇಳಿ. ಬೇಡವೆನ್ನುವುದಿಲ್ಲ. ಬಿಸಿ ಬರುವ ದಾರಿ ಮುಚ್ಚದೆ ಎಸಿ ಹಾಕಿಸುವುದು ಬೇಡ ಎನ್ನುತ್ತೇನೆ, ಅಷ್ಟೇ.

ಬಿಸಿ ಎಲ್ಲಿಂದ ಬರುತ್ತದೆಂದು ಮೊದಲು ಗೊತ್ತಾಗಬೇಕಲ್ಲ. ಸೂರ್ಯ ಮುಳುಗಿದ ಮೇಲೆ ಕಾಪುವಿನಿಂದ ಶಿರ್ವ, ಬೆಳ್ಮಣ್ ದಾರಿಯಾಗಿ ಕಾರ್ಕಳಕ್ಕೆ ಒಮ್ಮೆ ಹೋಗಿ. ಆಗಲೂ ಪಾದ ಸುಡುತ್ತಿದ್ದರೆ ಅದು ಬಿಸಿಲಿನ ಕೆಲಸವಲ್ಲ, ಎಂಜಿನಿನದು. ಕಾರ್ಕಳ ತಲುಪಿದ ಕೂಡಲೇ ಪೆಡಲ್ಲುಗಳ ಹಿಂದಿನ ತಗಡು, ನಡುವಿನ ಗೇರ್‌ಬಾಕ್ಸ್ ಉಬ್ಬು, ಸೀಟಿನ ಕೆಳಗಿನ ತಗಡು ಇಷ್ಟನ್ನೂ ಮುಟ್ಟಿ ನೋಡಿ. ಎಲ್ಲಿ ಕೈ ಇಡಲಾಗುವುದಿಲ್ಲವೋ ಕೆಲಸ ಅಲ್ಲಿಂದ ಶುರು.

ಅದಕ್ಕೂ ಮೊದಲು ಎಂಜಿನು ಸರಿ ಇರಬೇಕು. ರೇಡಿಯೇಟರಿನಲ್ಲಿ ಕೆಸರು ಕಟ್ಟಿದ್ದರೆ, ಫ್ಯಾನ್ ಬೆಲ್ಟ್ ಸಡಿಲವಾಗಿದ್ದರೆ ಬಿಸಿ ಹೆಚ್ಚೆನ್ನುವುದು ಎಲ್ಲರಿಗೂ ಗೊತ್ತು. ಟೈಮಿಂಗ್ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಕಿಡಿ ತಡವಾಗಿ ಹಾರಿದರೆ ಪಿಸ್ಟನ್ನನ್ನು ತಳ್ಳಬೇಕಾದ ಬಿಸಿಯಲ್ಲಿ ಒಂದು ಪಾಲು ಸುಮ್ಮನೆ ಸೈಲೆನ್ಸರ್ ಪೈಪಿಗೆ ಹೋಗುತ್ತದೆ. ಆ ಪೈಪು ಹೋಗುವುದು ನಿಮ್ಮ ಕಾಲಡಿಯಲ್ಲೇ. ಟೈಮಿಂಗ್ ಸರಿ ಮಾಡಿಸಲು ಅರ್ಧ ಗಂಟೆ ಸಾಕು.

ಇನ್ನು ತೂತುಗಳು. ನನ್ನ ಪ್ರಕಾರ ಮುಖ್ಯ ಕೆಲಸ ಇದೇ. ರಾತ್ರಿ ಬಾನೆಟ್ಟಿನೊಳಗೆ ಒಂದು ಉರಿಯುವ ಬಲ್ಬು ಇಟ್ಟು ಮುಚ್ಚಿ, ನೀವು ಮುಂದಿನ ಸೀಟಿನ ಬುಡಕ್ಕೆ ತಲೆ ತಗ್ಗಿಸಿ ನೋಡಿ. ಸ್ಟೀರಿಂಗ್ ದಂಡದ ಸುತ್ತ, ಗೇರಿನ ರಾಡು ಹೋಗುವಲ್ಲಿ, ವಯರಿನ ಕಟ್ಟು ನುಗ್ಗಿದಲ್ಲಿ ಬೆಳಕಿನ ಚುಕ್ಕಿಗಳು ಕಾಣುತ್ತವೆ. ಅಲ್ಲೆಲ್ಲ ತೂತಿನ ಅಂಚಿಗೆ ಕೂರಿಸಿದ್ದ ರಬ್ಬರ್ ಬಳೆ, ಅಂದರೆ ಗ್ರಾಮೆಟ್ಟು, ಒಣಗಿ ಪುಡಿಯಾಗಿರುತ್ತದೆ. ಹಳೆಯ ರೇಡಿಯೋಗೆಂದು ಯಾರೋ ಕೊರೆದು ಹಾಗೇ ಬಿಟ್ಟದ್ದೂ ಇರಬಹುದು. ಬೆಳಕು ಬರುವಲ್ಲಿ ಬಿಸಿ ಗಾಳಿಯೂ ಬರುತ್ತದೆ. ಅದರೊಂದಿಗೆ ಹೊಗೆಯೂ ಬರಬಹುದು ರಾಯರೇ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊಮ್ಮಕ್ಕಳನ್ನು ಕೂರಿಸಿಕೊಂಡು ಹೋಗುವ ಕಾರು ಅದು. ಹೊಸ ಗ್ರಾಮೆಟ್ಟು, ಬಾನೆಟ್ಟಿನ ಹಿಂಬದಿಗೆ ಹೊಸ ಬೀಡಿಂಗ್, ಇಷ್ಟಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಅಡಿ ತಗಡಿನ ವಿಷಯದಲ್ಲಿ ಮಾತ್ರ ಬಹಳ ಜಾಗ್ರತೆ ಬೇಕು. ಕಾರ್ಪೆಟ್ಟಿನ ಕೆಳಗೆ ದಪ್ಪ ಫೆಲ್ಟ್ ಹಾಸಿಸಿ ಎಂದು ಹೇಳುವವರು ಇದ್ದಾರೆ. ಒಣ ಹವೆಯ ಊರಿನಲ್ಲಿ ಅದು ಸರಿ. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಮೇಲಿಂದ ಉಪ್ಪಿನ ಗಾಳಿ. ಜೂನ್‌ನಲ್ಲಿ ನೆನೆದ ಫೆಲ್ಟು ಅಕ್ಟೋಬರ್‌ವರೆಗೂ ಒಣಗುವುದಿಲ್ಲ. ಮೇಲೆ ಕಾರ್ಪೆಟ್ಟು ಚಂದವಾಗಿಯೇ ಇರುತ್ತದೆ, ಎತ್ತಿ ನೋಡಿದರೆ ತಗಡು ಹಪ್ಪಳದಂತೆ ಮುರಿಯುತ್ತದೆ. ನೀರು ಹೀರದ ಫೋಮ್ ಶೀಟು ತನ್ನಿ, ಅಂಟಿಸದೆ ಬರೀ ಹಾಸಿ, ಮಳೆಗಾಲದಲ್ಲಿ ಆಗಾಗ ಎತ್ತಿ ಒಣಗಿಸಿ. ಶಬ್ದಕ್ಕೆಂದು ಮಾರುವ ಕಪ್ಪು ಡಾಂಬರಿನ ಶೀಟು ತಗಡಿನ ಅದುರು ನಿಲ್ಲಿಸೀತು, ಬಿಸಿಯನ್ನು ಹೆಚ್ಚೇನೂ ತಡೆಯದು. ಸೈಲೆನ್ಸರ್ ಪೈಪಿಗೂ ಕಾರಿನ ಅಡಿಗೂ ನಡುವೆ ಟಿಂಕರಿಂಗಿನವರಿಂದ ಒಂದು ತೆಳು ತಗಡು ಕಟ್ಟಿಸಿ, ಎರಡೂ ಬದಿ ಬೆರಳಷ್ಟು ಗಾಳಿಯಾಡುವಂತೆ. ಆ ಸಂದಿ ಇಲ್ಲದಿದ್ದರೆ ತಗಡು ಕಟ್ಟಿಸಿಯೂ ಪ್ರಯೋಜನವಿಲ್ಲ.

ಬಿಸಿಲಿಗೆ? ಸೀಲಿಂಗ್ ಬಟ್ಟೆ ಹೇಗೂ ಹರಿದಿದೆಯಲ್ಲ, ಬದಲಿಸುವಾಗ ಅದರ ಮೇಲೆ ತೆಳು ಫೋಮ್ ಸೇರಿಸಿಬಿಡಿ. ಗಾಜಿಗೆ ಕಪ್ಪು ಫಿಲಂ ಬೇಡ, 2012ರಲ್ಲಿ ಸುಪ್ರೀಂ ಕೋರ್ಟೇ ಬೇಡವೆಂದಿದೆ. ಮಣಿಪಾಲದಲ್ಲಿ ನಿಲ್ಲಿಸುವಾಗ ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಪರದೆ ಒರಗಿಸಿದರೆ ಸಾಕು. ರೆಕ್ಸಿನ್ ಸೀಟಿಗೆ ಹತ್ತಿಯ ಕವರು. ಬಣ್ಣ ಬದಲಿಸಿ ಬಿಳಿ ಮಾಡಿಸಿ ಎಂದು ಮಾತ್ರ ನಾನು ಹೇಳಲಾರೆ. ಬಿಳಿ ತಂಪೆನ್ನುವುದು ನಿಜ, ಆದರೆ ಕಾರ್ಖಾನೆಯಿಂದ ಬಂದ ಆ ಹಸಿರು ಇನ್ನೆಲ್ಲಿ ಸಿಗುತ್ತದೆ? ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆ ಕಾರುಗಳಿಗೆ ನೆರಳುಂಟು. ನಿಮ್ಮದು ಏಪ್ರಿಲ್ ಬಿಸಿಲಲ್ಲಿ ಓಡುವ ಕಾರು, ಆದರೂ ಮುಂದೆ ತೆಗೆದುಹಾಕಬಹುದಾದದ್ದನ್ನು ಮಾತ್ರ ಸೇರಿಸಿ.

ಕರಾವಳಿಯ ಸೆಕೆಯಲ್ಲಿ ಬೆವರು ಬೇಗ ಆರುವುದಿಲ್ಲ, ಅದಕ್ಕೇ ಗಾಳಿ ಮೈಗೆ ತಾಗಬೇಕು. ಮುಂದಿನ ಬಾಗಿಲಿನ ಆ ತ್ರಿಕೋನ ಗಾಜನ್ನು ಪೂರ್ತಿ ತಿರುಗಿಸಿ, ಅದು ಗಾಳಿಯನ್ನು ಬಾಚಿ ನೇರ ಎದೆಗೆ ತರುತ್ತದೆ. ಹಿಂದಿನ ಗಾಜು ತುಸು ಇಳಿದಿದ್ದರೆ ಒಳಗಿನ ಬಿಸಿ ಹೊರಗೆ ಹೋಗುತ್ತದೆ. ಹೊಸ ಕಾರುಗಳಲ್ಲಿ ಈ ಗಾಜು ತೆಗೆದದ್ದು ದೊಡ್ಡ ನಷ್ಟವೇ.

ಇಷ್ಟನ್ನೂ ಈ ಮಳೆಗಾಲಕ್ಕೆ ಮೊದಲೇ ಮಾಡಿಸಿ ರಾಯರೇ, ತೂತು ಮುಚ್ಚುವ ಕೆಲಸ ಈ ಭಾನುವಾರವೇ ಆಗಲಿ. ಎಸಿಯ ಮಾತು ಮುಂದಿನ ಬೇಸಿಗೆಗೆ ನೋಡುವ.