ಮೈಲೇಜು ಮೀಮಾಂಸೆ: ಪ್ಲೆಸೆಂಟನ್ ಅಧಿಕರಣ

ವಿಷಯ: ಮೈಲೇಜು. ಸಂಶಯ: ಅದು ಗಾಡಿಯ ಗುಣವೋ, ಗಾಡಿ ಹೋಗುವ ಕೆಲಸದ ಗುಣವೋ? ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯದು ಮೊದಲ ಮತ. ಹೊಸ ಕಾರಿನ ಗಾಜಿಗೆ ಅಂಟಿಸಿದ ಚೀಟಿಯೇ ಅವರಿಗೆ ಪ್ರಮಾಣ. ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್ನಿನ ಕನ್ನಡ ಮನೆಗಳು ಮಾತಿನಲ್ಲಿ ಆ ಮತಕ್ಕೆ ಸೇರಿದವು, ಆಚರಣೆಯಲ್ಲಿ ಎರಡನೆಯದಕ್ಕೆ.

ಪೂರ್ವಪಕ್ಷ ಹೀಗಿದೆ. ಪ್ರಯೋಗಶಾಲೆಯಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಚಕ್ರ ತಿರುಗುತ್ತದೆ, ಕಾರು ಇದ್ದಲ್ಲೇ ಇರುತ್ತದೆ. ಹೆದ್ದಾರಿ ಪರೀಕ್ಷೆಯ ಸರಾಸರಿ ವೇಗ ಗಂಟೆಗೆ 48 ಮೈಲಿ, ನಡುವೆ ನಿಲ್ಲುವ ಮಾತೇ ಇಲ್ಲ. ಊರೊಳಗಿನ ಓಟಕ್ಕೆ 55 ಪಾಲು, ಹೆದ್ದಾರಿಗೆ 45 ಪಾಲು ಬೆರೆಸಿ ಒಂದು ಅಂಕಿ ಇಳಿಸುತ್ತಾರೆ. 2008ರ ಮಾಡೆಲ್ಲುಗಳಿಂದೀಚೆಗೆ ಎಸಿ, ಚಳಿ, ಬಿರುಸಿನ ಓಟ ಇವೂ ಲೆಕ್ಕಕ್ಕೆ ಬಂದಿವೆ. ಆದರೆ ಸಂಜೆ ಐದಕ್ಕೆ 580 ಮತ್ತು 680 ಹೆದ್ದಾರಿಗಳು ಕೂಡುವ ಕಡೆ ಸಿಕ್ಕಿಕೊಂಡವರು ಬಲ್ಲರು: ಅಲ್ಲಿ ಕಾರೂ ಇದ್ದಲ್ಲೇ ಇರುತ್ತದೆ, ಚಕ್ರವೂ ತಿರುಗುವುದಿಲ್ಲ.

ಸಿದ್ಧಾಂತ: ಪೆಟ್ರೋಲು ಉರಿಯುವಾಗ ಪ್ರಯೋಜನವುಳ್ಳ ಜೀವ ಎಷ್ಟು ಮೈಲಿ ಸಾಗಿತೋ ಅದೇ ಮೈಲೇಜು.

ಎಂಟು ಸೀಟಿನ ಹೋಂಡಾ ಒಡಿಸ್ಸಿಯನ್ನೇ ತೆಗೆದುಕೊಳ್ಳಿ. ಚೀಟಿಯ ಪ್ರಕಾರ ಗ್ಯಾಲನ್ನಿಗೆ 22 ಮೈಲಿ. ಊರಿಂದ ಬಂದ ಮಾವನವರು "ಎಷ್ಟು ಕೊಡುತ್ತಪ್ಪಾ?" ಎಂದು ಕೇಳಿ, ಲೀಟರಿಗೆ ಒಂಬತ್ತು ಚಿಲ್ಲರೆ ಎಂಬ ಉತ್ತರ ಕೇಳಿದೊಡನೆ ಮೌನವ್ರತ ಹಿಡಿಯುವುದು ಈ ಗಾಡಿಯಲ್ಲೇ. ಶನಿವಾರ ಮಗಳನ್ನು ಪಿಟೀಲು ಪಾಠಕ್ಕೆ ಬಿಟ್ಟು ಬರಬೇಕು, ಮತ್ತೆ ಹೋಗಿ ಕರೆತರಬೇಕು. ಒಟ್ಟು ನಾಲ್ಕು ಓಟ. ಮಗಳು ಗಾಡಿಯಲ್ಲಿರುವುದು ಎರಡರಲ್ಲಿ. ಅಪ್ಪನಿಗೆ ಅಲ್ಲಿ ಸ್ವಂತ ಕೆಲಸವಿಲ್ಲ, ಆದ್ದರಿಂದ ಅವನು ಪ್ರಯಾಣಿಕನಲ್ಲ, ಇಂಜಿನ್ನಿನ ಬಿಡಿಭಾಗ. ಹೀಗೆ ಮಗಳ ಮೈಲೇಜು 11, ಎಂದರೆ ಲೀಟರಿಗೆ ಐದು ಕಿಲೋಮೀಟರಿಗೂ ಕಮ್ಮಿ. ಐವತ್ತು ಜನ ತುಂಬಿಕೊಂಡ ನಮ್ಮೂರ ಕೆಂಪು ಬಸ್ಸೂ ಲೀಟರ್ ಡೀಸೆಲ್ಲಿಗೆ ಹೆಚ್ಚುಕಡಿಮೆ ಅಷ್ಟೇ ಓಡುತ್ತದೆ. ಇಲ್ಲಿರುವುದು ಒಂದು ಮಗು, ಒಂದು ಪಿಟೀಲು.

ಆಕ್ಷೇಪ: ಅಪ್ಪ ಅಲ್ಲೇ ಕಾಯಬಾರದೇ? ಕಾಯಬಹುದು. ಆದರೆ ಕೊಲ್ಲಿಯ ತಂಗಾಳಿಯನ್ನು ಪಡುವಣ ಗುಡ್ಡಗಳು ತಡೆಯುವುದರಿಂದ ಇಲ್ಲಿ ಬೇಸಿಗೆ ಬೇಸಿಗೆಯೇ. ಎಸಿ ಹಾಕಿಕೊಂಡು ಕೂತವನು ಸೊನ್ನೆ ಮೈಲಿಗೆ ಪೆಟ್ರೋಲು ಸುಡುತ್ತಾನೆ, ಇವನು ಶೂನ್ಯವಾದಿ. ಇಂಜಿನ್ ಆರಿಸಿ ಕಿಟಕಿ ಇಳಿಸಿದವನದು ಸೊನ್ನೆ ಮೈಲಿ, ಸೊನ್ನೆ ಪೆಟ್ರೋಲು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಾಗ ಬರುವುದನ್ನು ಗಣಿತಜ್ಞರು ಹೇಳಲಾರರು. ನಮ್ಮವರು ಎಂದೋ ಹೆಸರಿಟ್ಟಿದ್ದಾರೆ: ಅನಿರ್ವಚನೀಯ.

ಇನ್ನು 580ರ ಎಕ್ಸ್‌ಪ್ರೆಸ್ ಲೇನು. ಇದು 2016ರಲ್ಲಿ ಸ್ಥಾಪನೆಯಾದ ದ್ವೈತ ಮಠ. ಒಳಗೆ ಇಬ್ಬರಿದ್ದು, ಗಾಜಿಗಂಟಿದ ಫಾಸ್ಟ್ರ್ಯಾಕ್ ಡಬ್ಬಿಯ ಗುಂಡಿಯನ್ನು ಎರಡಕ್ಕೆ ಸರಿಸಿದರೆ ಸುಂಕವಿಲ್ಲ. ಅದ್ವೈತಿ ದುಡ್ಡು ಕಟ್ಟಬೇಕು. ತೊಟ್ಟಿಲ ಕೂಸೂ ಒಬ್ಬರೇ, ಆರು ತಿಂಗಳಿಗೆಂದು ಬಂದ ಅತ್ತೆಯೂ ಒಬ್ಬರೇ. ಅತ್ತೆಯನ್ನು ಲೇನಿಗೋಸ್ಕರವೇ ಕರೆದೊಯ್ದರೆ ಮಠ ಒಪ್ಪುತ್ತದೆ, ನಮ್ಮ ಸಿದ್ಧಾಂತ ಒಪ್ಪುವುದಿಲ್ಲ. ಅವರಿಗೆ ಪ್ರಯೋಜನ ಬೇಕು; ಕನಿಷ್ಠ ದಾರಿಯಲ್ಲೊಂದು ತರಕಾರಿ ಅಂಗಡಿಯಾದರೂ.

ಗ್ಯಾಲನ್ನಿಗೆ 57 ಮೈಲಿಯ ಪ್ರಿಯಸ್‌ನಲ್ಲಿ ಒಬ್ಬನೇ ಸುನೋಲ್ ಏರು ಹತ್ತಿ ಆಫೀಸಿಗೆ ಹೋಗುವ ಸಜ್ಜನನು ಒಡಿಸ್ಸಿಯನ್ನು ಕಂಡು ಮೂಗು ಮುರಿಯುವುದುಂಟು. ಅವನ ಮೈಲೇಜು 57, ಅದರಾಚೆ ಒಂದು ಚೂರೂ ಇಲ್ಲ. ಅದೇ ಒಡಿಸ್ಸಿ ಭಾನುವಾರ ಎಂಟು ಜನರನ್ನು ಹೇರಿಕೊಂಡು ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನಕ್ಕೆ ಹೊರಟರೆ 176. ಇಲ್ಲಿ ಅಪ್ಪನಿಗೂ ಹರಕೆಯಿರುವುದರಿಂದ ಅವನು ಬಿಡಿಭಾಗದಿಂದ ಬಡ್ತಿ ಪಡೆದು ಪ್ರಯಾಣಿಕನಾಗುತ್ತಾನೆ. ಇಯರ್‌ಫೋನ್ ಸಿಕ್ಕಿಸಿಕೊಂಡು ಹಿಂದಿನ ಸಾಲಿನಲ್ಲಿ ಮುಖ ಊದಿಸಿಕೊಂಡ ದೊಡ್ಡ ಮಗನನ್ನು ಬಲವಂತಕ್ಕೆ ಕರೆತಂದದ್ದು, ಪ್ರಯೋಜನವಿಲ್ಲ, ಕಳೆಯಬೇಕು. ಉಳಿದದ್ದು 154. ಅಜ್ಜಿಯ ತೊಡೆಯ ಮೇಲಿನ ಪುಳಿಯೋಗರೆ ಪಾತ್ರೆಗೆ ಪ್ರಯೋಜನವಿದೆಯೆಂಬ ಬಗ್ಗೆ ಯಾವ ಪಂಥದಲ್ಲೂ ಭಿನ್ನಾಭಿಪ್ರಾಯವಿಲ್ಲ. ಮತ್ತೆ 176.