ಬೇವಿನ ನೆರಳಿಗೊಂದು ಚಿತ್ತಾರದ ಎಲೆ
ಹೋಸ್ಟಾ ಜಪಾನ್, ಕೊರಿಯಾ, ಚೀನಾ ಕಡೆಯ ಚಿತ್ತಾರದೆಲೆಯ ನೆರಳುಗಿಡ. ಚಳಿಗಾಲವಿಡೀ ಎಲೆ ಕಳಚಿ ಗಡದ್ದಾಗಿ ನಿದ್ದೆ ಹೊಡೆಯದಿದ್ದರೆ ಅದು ಸರಿಯಾಗಿ ಚಿಗುರದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯಪುರದಲ್ಲಿ ಮನುಷ್ಯರಿಗೇ ನಿದ್ದೆಯಿಲ್ಲ, ಇನ್ನು ಹೋಸ್ಟಾಕ್ಕೆಲ್ಲಿ?

ಹೀಗಾಗಿ ಬೇವಿನ ಮರದಡಿ ಬಣ್ಣದೆಲೆ ಬೇಕೆನ್ನುವವರಿಗೆ ಮನಿ ಪ್ಲಾಂಟ್ ಒಂದು ದಾರಿ. ಎಲೆಯ ಬಿಳಿ, ಹಳದಿ ಭಾಗದಲ್ಲಿ ಪತ್ರಹರಿತ್ತು ಕಡಿಮೆ: ದುಡಿಯುವುದು ಹಸಿರು, ಮೆರೆಯುವುದು ಬಿಳಿ. ಕತ್ತಲು ಹೆಚ್ಚಾದರೆ ಚಿತ್ತಾರ ಮಾಸುತ್ತದೆ, ನೇರ ಬಿಸಿಲಿಗೆ ಎಲೆ ಸುಡುತ್ತದೆ. ಬರೀ ಎರೆಮಣ್ಣು ನೀರು ಹಿಡಿದು ಬೇರು ಕೊಳೆಸುವುದರಿಂದ ಮರಳು, ಗೊಬ್ಬರ ಬೆರೆಸಬೇಕು. ಹೆಸರಲ್ಲಿ ಮನಿ ಇದ್ದರೂ ದುಡ್ಡು ಬೇಡ. ನೆರೆಮನೆಯಿಂದ ಗೆಣ್ಣಿರುವ ಒಂದು ತುಂಡು ಬಳ್ಳಿ ಕೇಳಿ ತಂದರೆ ಸಾಕು.