ಕೋಳಿ ಮೊದಲು, ಮೊಟ್ಟೆ ಆಮೇಲೆ

ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ಜಗಳವನ್ನು ಥಾಯ್ ಮಕ್ಕಳು ಅಕ್ಷರ ಕಲಿಯುವಾಗಲೇ ಮುಗಿಸಿಬಿಡುತ್ತಾರೆ. ಅಲ್ಲಿ ಪ್ರತಿ ಅಕ್ಷರಕ್ಕೂ ಒಂದು ಹೆಸರುಂಟು: ಮೊದಲನೆಯದು ಕೋಳಿಯ 'ಕೊ', ಎರಡನೆಯದು ಮೊಟ್ಟೆಯ 'ಖೊ'. ಹೀಗೆ ಒಟ್ಟು 44 ವ್ಯಂಜನ. ಅದರಲ್ಲಿ ಎರಡು ಈಗ ಬಳಕೆಯಲ್ಲಿಲ್ಲ. 19ನೇ ಶತಮಾನದ ಕೊನೆಗೆ ಬಂದ ಮೊದಲ ಥಾಯ್ ಟೈಪ್‌ರೈಟರಿನಲ್ಲಿ ಅವಕ್ಕೆ ಕೀಲಿ ಸಿಗಲಿಲ್ಲ. ಇನ್ನೊಂದಿಪ್ಪತ್ತಕ್ಕೂ ಸಿಗದೇ ಹೋಗಿದ್ದರೆ ಹೊಸಬರು ಬದುಕಿಕೊಳ್ಳುತ್ತಿದ್ದರು!

ಕ, ಖ, ಗ, ಘ ಸಾಲು ನಮಗೇನು ಹೊಸದೇ ಎಂದು ಕನ್ನಡಿಗರು ಮೀಸೆ ತಿರುವಬಾರದು. ಸಾಲೇನೋ ನಮ್ಮದೇ. ಆದರೆ ಅವರು ಶ, ಷ, ಸಗಳನ್ನು ಬೇರೆಬೇರೆ ಬರೆದು, ಓದುವಾಗ ಮೂರನ್ನೂ 'ಸ' ಎಂದೇ ಮುಗಿಸುತ್ತಾರೆ. ಬ್ಯಾಂಕಾಕಿನ ವಿಮಾನ ನಿಲ್ದಾಣ ಬರಹದಲ್ಲಿ ಸುವರ್ಣಭೂಮಿ, ಬಾಯಲ್ಲಿ 'ಸುವನ್ನಫೂಮ್'. ಕೊನೆಯ 'ಇ'ಗೆ ಪಾಪ, ವೀಸಾ ಸಿಕ್ಕಿರಲಿಕ್ಕಿಲ್ಲ.

ವ್ಯಾಕರಣ ಮಾತ್ರ ಬಲು ಸಾಧು. ಕ್ರಿಯಾಪದಕ್ಕೆ ಕಾಲ, ಲಿಂಗ, ವಚನ ಯಾವುದರ ಬಾಲವೂ ಇಲ್ಲ. ಅಲ್ಲಿ ಬಿಟ್ಟ ಸಾಲವನ್ನೆಲ್ಲ ರಾಗದಲ್ಲಿ ಬಡ್ಡಿಸಮೇತ ವಸೂಲು ಮಾಡುತ್ತಾರೆ. ಐದು ಬಗೆಯ ಧ್ವನಿಯೇರಿಳಿತ! 'ಕ್ಲೈ' ಎಂದು ಸಮವಾಗಿ ಎಂದರೆ ದೂರ. ಅದನ್ನೇ ಮೇಲಿಂದ ಕೆಳಕ್ಕೆ ಜಾರಿಸಿದರೆ ಹತ್ತಿರ. ದಾರಿ ಕೇಳುವವನ ಕಾಲಿನ ಗತಿ ಅವನ ಗಂಟಲಿನ ಕೈಯಲ್ಲಿದೆ.

ವಿನಯಕ್ಕೆ ಮಾತಿನ ಕೊನೆಗೆ ಗಂಡಸರು 'ಖ್ರಪ್', ಹೆಂಗಸರು 'ಖಾ' ಸೇರಿಸಬೇಕು. ಅಂಗಡಿಯಮ್ಮನಿಂದಲೇ ಪಾಠ ಕಲಿತ ಮೀಸೆಯ ಮಾವಂದಿರು ಊರಿಡೀ 'ಖಾ, ಖಾ' ಎನ್ನುತ್ತ ಓಡಾಡುವುದುಂಟು. ಥಾಯ್ ಜನ ಮರ್ಯಾದಸ್ಥರು, ಎದುರಿಗೆ ನಗುವುದಿಲ್ಲ.